ನಾಣೇಘಾಟಿನ ಮಳೆಯಲ್ಲಿ ಭಾವನ ಟೆಂಟು

ಮೊದಲ ದಿನ: ಪುಣೆಯಿಂದ ಘಾಟ್‌ಘರ್

ಮಳೆಗಾಲ ಬಂತೆಂದರೆ ಪುಣೆಯ ಅರ್ಧ ಊರು ಸಹ್ಯಾದ್ರಿಯಲ್ಲಿ ಇರುತ್ತದೆ. ಹಾಗಾಗಿ ಜುಲೈ ತಿಂಗಳಲ್ಲಿ ಟೆಂಟ್ ಹೊತ್ತುಕೊಂಡು ಜುನ್ನರ್ ಕಡೆಯ ಹಳೇ ಘಾಟಿದಾರಿ ನಾಣೇಘಾಟಿಗೆ ಹೊರಟರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಕಾರಿನಲ್ಲಿ ಮಾತ್ರ ಇಬ್ಬರಿಗೆ ಮೂರು ಟೆಂಟ್ ಇದ್ದವು.

ಎರಡು ಟೆಂಟ್ ಭಾವನವು. ಭಾವ ಇರುವುದು ಅಮೆರಿಕದ ಕೊಲೊರಾಡೊದಲ್ಲಿ. ಆಫೀಸಿನ ಗೆಳೆಯನೊಬ್ಬನ ಜೊತೆ ಅಲ್ಲಿನ ಕಾಡಿಗೆ ಎಲ್ಕ್ ಬೇಟೆಗೆ ಹೋಗುತ್ತಾರೆ. ಎಲ್ಕ್ ಅಂದರೆ ನಮ್ಮ ಕಡವೆಯಂಥ ದೊಡ್ಡ ಜಿಂಕೆ, ಗಂಡು 300 ಕಿಲೋ ದಾಟುವುದೂ ಉಂಟು. ಸಾಗರದ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೋವಿಯ ಕಥೆಗಳು ಬೇಕಾದಷ್ಟಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಉಳಿದದ್ದು ಕಥೆಗಳು ಅಷ್ಟೇ. ಕೊಲೊರಾಡೊದಲ್ಲಿ ಲೈಸೆನ್ಸ್ ಇದ್ದರೆ ಬೇಟೆ ಕಾನೂನುಬದ್ಧ. ಆದರೆ 1949ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ತರಬೇತಿ ಪಾಸಾದ ಕಾರ್ಡ್ ತೋರಿಸಬೇಕು. ಹೊಡೆದ ಪ್ರಾಣಿಯ ತಿನ್ನುವ ಮಾಂಸವನ್ನು ಕಾಡಲ್ಲಿ ಬಿಟ್ಟು ಬರುವುದು ಅಪರಾಧ. ನನಗೆ ಬೇಟೆಯಲ್ಲಿ ಮನಸ್ಸಿಲ್ಲ. ಟೆಂಟಿನ ವಿಷಯ ಅಂದರೆ ಮಾತ್ರ ಊಟ ಬಿಟ್ಟು ಕೂರುತ್ತೇನೆ.

ಭಾವನಿಗೆ ಬರುವ ಅಕ್ಟೋಬರಿನಲ್ಲಿ ರೈಫಲ್ ಸೀಸನ್. ಸುಮಾರು 10,000 ಅಡಿ ಎತ್ತರದ ಕಾಡು, ಮಳೆ ಬರಬಹುದು, ಹಿಮವೂ ಬರಬಹುದು. ಇಬ್ಬರಿಗೂ ಸೇರಿ ಒಂದೇ ಹಗುರ ಟೆಂಟ್ ಇಟ್ಟುಕೊಳ್ಳಬೇಕು, ಎರಡರಲ್ಲಿ ಯಾವುದು ಅನ್ನುವುದು ತೀರ್ಮಾನವಾಗಿಲ್ಲ. ಇಲ್ಲಿನ ಮಳೆಯಲ್ಲಿ ಹಾಕಿ ನೋಡೋಣ ಅಂತ, ರಜೆಗೆ ಪುಣೆಗೆ ಬರುವಾಗ ಎರಡನ್ನೂ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದಿದ್ದರು. "ಮಳೇಲಿ ನೆನೆಯೋಕೆ ಅಷ್ಟು ದೂರದಿಂದ ಬರಬೇಕಿತ್ತಾ? ಇಲ್ಲೇ ಶವರ್ ಕೆಳಗೆ ಕಟ್ಟಿಕೊಳ್ಳಿ" ಅಂದಳು ಅಕ್ಕ. ಭಾವ ಒಂದು ಕ್ಷಣ ಅದನ್ನೂ ಯೋಚಿಸಿದಂತೆ ಕಂಡಿತು.

ಬೇಕೆಂದೇ ವಾರದ ನಡುವೆ ಹೊರಟೆವು. ಶನಿವಾರ, ಭಾನುವಾರ ಅಲ್ಲಿ ಜಾತ್ರೆ. ಚಾಕಣ್‌ನ ಟ್ರಾಫಿಕ್ ಬಗ್ಗೆ ಬರೆಯಲು ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಮಂಚರ್ ದಾಟಿ ನಾರಾಯಣಗಾಂವ್‌ನಲ್ಲಿ ಮಿಸಳ್ ತಿಂದೆವು. ಪಕ್ಕದಲ್ಲೇ ತರಕಾರಿ ಅಂಗಡಿ. ಟೊಮೇಟೊ ರಾಶಿ, ಅದರ ನಡುವೆ ಎಲೆಕ್ಟ್ರಾನಿಕ್ ಕಾಟಾ. ಭಾವನ ಕಣ್ಣು ಕಾಟಾ ಮೇಲೆ ಬಿತ್ತು. ಎರಡು ಕಿಲೋ ಟೊಮೇಟೊ ತಗೊಂಡು, "ಇದನ್ನೊಂದು ತೂಗಿ ಕೊಡ್ತೀರಾ?" ಅಂತ ಹಿಂದಿಯಲ್ಲಿ ಕೇಳಿ ಟೆಂಟನ್ನು ತಟ್ಟೆಯ ಮೇಲಿಟ್ಟರು. ಅಂಗಡಿಯವನು ಹಸಿರು ಚೀಲವನ್ನು ಹಿಚುಕಿ ನೋಡಿ, "ಕಿಲೋಗೆ ಎಷ್ಟು?" ಅಂದ. ಭಾವ ಬೆಲೆ ಹೇಳಲಿಲ್ಲ. ಹೇಳಿದ್ದರೆ ಅವನು ಟೊಮೇಟೊ ಬೆಳೆಯುವುದನ್ನೇ ಬಿಡುತ್ತಿದ್ದ.

ಎರಡು ಪದರದ ಟೆಂಟಿನ ಮೇಲೆ ಕಂಪನಿ ಬರೆದದ್ದು 1 ಕಿಲೋ 200 ಗ್ರಾಂ. ಕಾಟಾ ತೋರಿಸಿದ್ದು 1 ಕಿಲೋ 560. ಇದರಲ್ಲಿ ಮೋಸವೇನೂ ಇಲ್ಲ. ಎಷ್ಟೋ ಕಂಪನಿಗಳು ದೊಡ್ಡ ಅಕ್ಷರದಲ್ಲಿ ಬರೆಯುವುದು ಬಟ್ಟೆ ಮತ್ತು ಕೋಲುಗಳ ತೂಕ ಮಾತ್ರ. ಗೂಟ, ಹಗ್ಗ, ಚೀಲ ಲೆಕ್ಕಕ್ಕಿಲ್ಲ. ಗೂಟವಿಲ್ಲದೆ ಟೆಂಟ್ ಹಾಕುವವರು ಅಂಗಡಿಯ ಒಳಗೆ ಹಾಕುವವರು ಮಾತ್ರ. ಇನ್ನೊಂದು ಟೆಂಟ್ ಪಿರಮಿಡ್ ಆಕಾರದ್ದು. ಒಂದೇ ಪದರ, ನಡುವೆ ಒಂದೇ ಕಂಬ, ನೆಲವೇ ಇಲ್ಲ. ಕಂಬ, ಗೂಟ ಎಲ್ಲ ಸೇರಿ 1 ಕಿಲೋ 900. ನನ್ನ ಹಳೇ ಗುಮ್ಮಟದ ಟೆಂಟ್ ಮೂರು ಕಿಲೋ ಹತ್ತಿರ ತೂಗಿತು, ಅದನ್ನು ತಂದದ್ದು ಎರಡೂ ಕೈಕೊಟ್ಟರೆ ಇರಲಿ ಅಂತ.

"ಹಾಗಾದ್ರೆ ಮೊದಲನೇದೇ ಹಗುರ, ಮುಗೀತಲ್ಲ ಭಾವ" ಅಂದೆ.

"ಹೋಗುವಾಗಿನ ತೂಕ ನೋಡಬೇಡಪ್ಪ, ಬರುವಾಗಿನದು ನೋಡು" ಅಂದರು. ಎಲ್ಕ್ ಸಿಕ್ಕಿದರೆ ಮೂಳೆ ಬಿಡಿಸಿದ ಮಾಂಸವೇ ನೂರು ಕಿಲೋ ಹತ್ತಿರ ಆಗಬಹುದು. ಇಬ್ಬರೂ ಮಾಂಸ ಹೊತ್ತು ಗಾಡಿಯ ತನಕ ಹೋಗಿ ಇಳಿಸಿ, ಮತ್ತೆ ಹತ್ತಿ ಬರಬೇಕು. ಅದೇ ದಾರಿ ಎಷ್ಟು ಸಲವೋ. ಆಗ ಬೆನ್ನ ಮೇಲಿನ ಅರ್ಧ ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ. ಆದರೆ ಹಾಗೆ ದಣಿದು ಬಂದವನು ರಾತ್ರಿ ಒಣಗಿದ ಜಾಗದಲ್ಲಿ ಮಲಗದಿದ್ದರೆ ಬೆಳಗ್ಗೆ ಇನ್ನೊಂದು ಸುತ್ತು ಹೋಗುವುದೇ ಇಲ್ಲ. ಇವೆರಡರ ನಡುವಿನ ಜಗ್ಗಾಟವೇ ಭಾವನ ತಲೆನೋವು.

ಜುನ್ನರ್ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹಸಿರು. ಘಾಟ್‌ಘರ್‌ನಲ್ಲಿ ಭತ್ತದ ನಾಟಿ ನಡೆದಿತ್ತು. ಜೀವಧನ್ ಕೋಟೆ ಮೋಡದೊಳಗೆ ಇತ್ತು, ಅಂದರೆ ಇರಬೇಕಾದ ಜಾಗದಲ್ಲಿ ಬರೀ ಬಿಳುಪು. ಸಮತಟ್ಟಾದ ಜಾಗವೆಲ್ಲ ಗದ್ದೆ, ಗದ್ದೆಯ ತುಂಬ ನೀರು. ಕೊನೆಗೆ ಒಬ್ಬ ಕಾಕಾ ತಮ್ಮ ಮನೆಯ ಹಿಂದಿನ ಕಣ ತೋರಿಸಿದರು. ಸ್ವಲ್ಪ ಎತ್ತರದ ಜಾಗ, ನೀರು ನಿಲ್ಲುವುದಿಲ್ಲ. "ರಾತ್ರಿ ಹೊರಗೆ ಹೋದರೆ ಬ್ಯಾಟರಿ ಹಿಡಿದು ಇಬ್ಬರೂ ಹೋಗಿ" ಅಂದರು. ಜುನ್ನರ್ ತಾಲ್ಲೂಕಿನಲ್ಲಿ ಚಿರತೆ ಅಂದರೆ ಪೇಪರಿನ ಸುದ್ದಿಯಲ್ಲ, ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತವೆ. ಕಾಕಾ ಮನೆಯ ನಾಯಿ ಕತ್ತಲಾಗುವ ಮೊದಲೇ ಒಳಗೆ ಸೇರಿಕೊಂಡಿತ್ತು.

ಎರಡು ಪದರದ ಟೆಂಟನ್ನು ಮೊದಲು ಹಾಕಿದೆವು. ಮಳೆ ಜೋರಾಗಿ ಹೊಡೆಯುತ್ತಿತ್ತು. ಇದರ ಹುಟ್ಟುಗುಣವೇನೆಂದರೆ ಒಳಗಿನ ಜಾಲರಿ ಗೂಡನ್ನು ಮೊದಲು ನಿಲ್ಲಿಸಬೇಕು, ಆಮೇಲೆ ಮೇಲುಹೊದಿಕೆ. ಕೋಲು ಜೋಡಿಸಿ, ಕೊಕ್ಕೆ ಸಿಕ್ಕಿಸಿ, ಹೊದಿಕೆಯ ತಲೆ ಯಾವುದು ಕಾಲು ಯಾವುದು ಅಂತ ಗಾಳಿಯಲ್ಲಿ ಹುಡುಕುವಷ್ಟರಲ್ಲಿ ಒಳಗಿನ ನೆಲದ ಮೇಲೆ ಒಂದು ಲೋಟ ನೀರು ನಿಂತಿತ್ತು. ಭಾವ ತಮ್ಮ ಟವೆಲಿನಿಂದ ಒರೆಸಿ ಹಿಂಡಿದರು. ಕೊಲೊರಾಡೊದ ಒಣ ಹವೆಯಲ್ಲಿ ಇಷ್ಟು ದಿನ ಇದು ಕಂಡೇ ಇರಲಿಲ್ಲವಂತೆ. ಮಳೆನಾಡಿನವರು ಟೆಂಟ್ ಕೊಳ್ಳುವಾಗ ಮೊದಲು ಕೇಳಬೇಕಾದ್ದು ಇದೇ: ಹೊರಪದರ ಮೊದಲು ನಿಲ್ಲುತ್ತದೆಯೇ, ಅಥವಾ ಎರಡೂ ಒಟ್ಟಿಗೆ ನಿಲ್ಲುತ್ತವೆಯೇ? ತೂಕ, ಬಣ್ಣ, ಬೆಲೆ ಎಲ್ಲ ಆಮೇಲೆ.

ಒಳಗೆ ಸೇರಿಕೊಂಡ ಮೇಲೆ ಅಳತೆ ಶುರುವಾಯಿತು. ತಲೆಯ ಕಡೆ ಅಗಲ 132 ಸೆಂಟಿಮೀಟರ್, ಕಾಲಿನ ಕಡೆ 107. ತೂಕ ಉಳಿಸಲು ಕಾಲಿನ ಕಡೆ ಕಿರಿದು ಮಾಡುತ್ತಾರೆ. ಮಾಮೂಲಿ ಮ್ಯಾಟ್ 51 ಸೆಂಟಿಮೀಟರ್ ಅಗಲ, ಎರಡು ಹಾಕಿದರೆ ಸರಿಯಾಗಿ ಕೂರುತ್ತವೆ. ಭಾವನ ಗೆಳೆಯನದು 64 ಸೆಂಟಿಮೀಟರಿನ ಅಗಲ ಮ್ಯಾಟ್. ಅದನ್ನು ಹಾಕಿದರೆ ಕಾಲಿನ ಕಡೆ ಒಂದರ ಮೇಲೊಂದು ಏರುತ್ತದೆ. ಆ ಗೆಳೆಯ ಆರಡಿ ಮೂರಂಗುಲದ ಆಳು. ನಾನು ಅವನ ಜಾಗದಲ್ಲಿ ಮಲಗಿದೆ. ಎತ್ತರ ಸಾಲದು ಅಂತ ಭಾವ ನನ್ನ ಪಾದದ ಆಚೆ ನನ್ನದೇ ಬೂಟು ನಿಲ್ಲಿಸಿದರು. ಬೂಟಿನ ತುದಿ ಇಳಿಜಾರಾದ ಜಾಲರಿಯನ್ನು ತಳ್ಳಿ ಹೊರಪದರಕ್ಕೆ ತಾಗಿಸಿತು. ಅಲ್ಲಿಂದ ನೀರು ಒಂದೊಂದೇ ಹನಿಯಾಗಿ ಬೂಟಿನ ಮೂತಿಗೆ ಇಳಿಯತೊಡಗಿತು. ಅದು ಅವನ ಸ್ಲೀಪಿಂಗ್ ಬ್ಯಾಗ್ ಆಗಿದ್ದರೆ ಬೆಳಗಾಗುವಷ್ಟರಲ್ಲಿ ಕಾಲಿನ ಕಡೆ ಒಳಗೆ ತುಂಬಿದ ಪುಕ್ಕವೆಲ್ಲ ಮುದ್ದೆ. "ಇಬ್ಬರಿಗೆ" ಅಂತ ಬರೆಯುವಾಗ ಕಂಪನಿಯವರ ಮನಸ್ಸಿನಲ್ಲಿ ಇರುವುದು ಯಾವ ಇಬ್ಬರು ಅಂತ ನನಗೆ ಮೊದಲಿಂದಲೂ ಅನುಮಾನ.

ಇದರ ಒಳ್ಳೆಯ ಗುಣವನ್ನೂ ಹೇಳಬೇಕು. ಬಾಗಿಲು ಎರಡು, ಎರಡೂ ಕಡೆ ಬೂಟು ಇಡುವಷ್ಟು ಮರೆ. ರಾತ್ರಿ ಭಾವ ಎದ್ದು ಹೊರಗೆ ಹೋದಾಗ ನನ್ನನ್ನು ತುಳಿಯಲಿಲ್ಲ. ಹಂಚಿಕೊಳ್ಳುವ ಟೆಂಟಿಗೆ ಎರಡು ಬಾಗಿಲು ಶೋಕಿಯಲ್ಲ, ಸ್ನೇಹ ಉಳಿಯಲು ಬೇಕು.

ಎರಡನೇ ದಿನ: ನಾಣೇಘಾಟ್

ಬೆಳಗ್ಗೆ ಹೊರಪದರದ ಒಳಮೈಯೆಲ್ಲ ನೀರು. ಸೋರಿದ್ದಲ್ಲ, ನಮ್ಮ ಉಸಿರೇ ತಣ್ಣಗಿನ ಬಟ್ಟೆಗೆ ತಾಗಿ ನೀರಾದದ್ದು. ನಡುವೆ ಜಾಲರಿ ಇದ್ದದ್ದರಿಂದ ನಮಗೆ ತಾಗಲಿಲ್ಲ. ಕಾಕಾ ಮನೆಯ ಮಾವಶಿ ಕೊಟ್ಟ ಭಾಕ್ರಿ, ಪಿಠ್ಲಾ, ಹಸಿಮೆಣಸಿನ ಠೇಚಾ ತಿಂದೆವು. ಭಾವ ಅಮೆರಿಕದಲ್ಲಿ ಖಾರ ಮರೆತಿದ್ದಾರೆ, ಕಣ್ಣೀರು ಹಾಕಿಕೊಂಡೇ ಎರಡನೇ ಸಲ ಹಾಕಿಸಿಕೊಂಡರು.

ಘಾಟ್‌ಘರ್‌ನಿಂದ ನಾಣೇಘಾಟ್ ದೂರವೇನಲ್ಲ. ಮೇಲಿನ ಬಯಲಿನ ತುದಿಗೆ ಬಂದರೆ ಕೆಳಗೆ ಕೊಂಕಣ, ಅಂದರೆ ಆ ದಿನ ಬರೀ ಮೋಡ. ಅರಬ್ಬಿ ಸಮುದ್ರದಿಂದ ಬರುವ ಗಾಳಿ ಈ ಗೋಡೆಗೆ ಬಡಿದು ನೇರ ಮೇಲಕ್ಕೆ ಏರುತ್ತದೆ. ಬಯಲಿನಿಂದ ಕೆಳಗೆ ಬೀಳಬೇಕಾದ ನೀರು ಆ ಗಾಳಿಗೆ ಸಿಕ್ಕಿ ವಾಪಸ್ ಹಾರಿ ಬಂದು ನೋಡುವವರ ಮುಖಕ್ಕೇ ಎರಚುತ್ತದೆ. ಇದನ್ನು ನೋಡಲು ಬಂದ ಕಾಲೇಜು ಹುಡುಗರು ನಾಲ್ಕಾರು ಜನ ಇದ್ದರು. ನಾವು ಅಂಚಿನಿಂದ ದೂರವೇ ನಿಂತೆವು. ಅಂಥ ಗಾಳಿಯಲ್ಲಿ ಕೈಯಲ್ಲಿ ಟೆಂಟಿನ ಬಟ್ಟೆ ಹಿಡಿದು ಅಂಚಿಗೆ ಹೋಗುವಷ್ಟು ಹುಚ್ಚು ನಮಗಿಲ್ಲ.

ದಾರಿ ಇಳಿಯುವಲ್ಲಿ ಬಂಡೆ ಕೊರೆದ ಗುಹೆ ಇದೆ. ಶಾತವಾಹನರ ರಾಣಿ ನಾಗನಿಕೆಯ ಶಾಸನ ಗೋಡೆಯ ಮೇಲೆ, ಬ್ರಾಹ್ಮಿ ಲಿಪಿಯಲ್ಲಿ. ಮಾಡಿದ ಯಜ್ಞಗಳು, ಕೊಟ್ಟ ದಾನಗಳ ಪಟ್ಟಿ, ಜೊತೆಗೆ ಅಂಕಿಗಳು. ಭಾರತದ ಹಳೆಯ ಅಂಕಿಗಳ ಬಗ್ಗೆ ಬರೆಯುವವರು ಈ ಗೋಡೆಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ರಾಜಮನೆತನದವರ ವಿಗ್ರಹಗಳೂ ಇದ್ದವಂತೆ, ಈಗ ಉಳಿದದ್ದು ಹೆಸರುಗಳು. ಮೇಲೆ ಘಾಟಿಯ ಬಾಯಲ್ಲಿ ದೊಡ್ಡ ಕಲ್ಲಿನ ಹಂಡೆ. ಕೊಂಕಣದ ಬಂದರುಗಳಿಂದ ಜುನ್ನರಿಗೆ ಬರುವ ವ್ಯಾಪಾರಿಗಳು ಸುಂಕದ ನಾಣ್ಯ ಹಾಕುತ್ತಿದ್ದದ್ದು ಇದರಲ್ಲೇ ಅಂತ ಊರವರು ಹೇಳುತ್ತಾರೆ. ಸಾಮಾನು ಹೊತ್ತು ಈ ಮೆಟ್ಟಿಲು ಹತ್ತಿದ ಎತ್ತು, ಕತ್ತೆ, ಮನುಷ್ಯರನ್ನು ನೆನೆದರೆ ಒಂದೂವರೆ ಕಿಲೋದ ಚರ್ಚೆ ಸ್ವಲ್ಪ ನಾಚಿಕೆ ತರಿಸುತ್ತದೆ. ಆದರೂ ಗುಹೆಯೊಳಗೆ ಕೂತು ಅದನ್ನೇ ಮುಂದುವರಿಸಿದೆವು.

ಮಾತು ಬಂದದ್ದು ಹಂಚಿಕೊಂಡು ಹೊರುವ ಬಗ್ಗೆ. ಟ್ರೆಕ್ಕಿಂಗ್‌ನಲ್ಲಿ ನಾವು ಮಾಡುವುದು ಸುಲಭ: ಒಬ್ಬನ ಹತ್ತಿರ ಬಟ್ಟೆ, ಇನ್ನೊಬ್ಬನ ಹತ್ತಿರ ಕೋಲು, ಗೂಟ. ಇಬ್ಬರೂ ಇಡೀ ದಿನ ಜೊತೆಗೇ ನಡೆಯುತ್ತೇವೆ. ಬೇಟೆಗಾರರು ಹಾಗಲ್ಲ. ಒಬ್ಬ ಈ ದಿಣ್ಣೆ, ಇನ್ನೊಬ್ಬ ಆ ಕಣಿವೆ. ಬಿಡಾರ ಬೆನ್ನ ಮೇಲೇ ಇರುವ ದಿನ ಸಂಜೆ ಮಂಜು ಕವಿದು ಇಬ್ಬರೂ ಸೇರಲಾಗದಿದ್ದರೆ, ಒಬ್ಬನ ಕೈಯಲ್ಲಿ ಕೋಲು ಮಾತ್ರ, ಇನ್ನೊಬ್ಬನ ಕೈಯಲ್ಲಿ ಬಟ್ಟೆ ಮಾತ್ರ. ಇಬ್ಬರಿಗೂ ಸೂರಿಲ್ಲ. ಅದಕ್ಕೇ ಭಾವ ಈಗ ಟೆಂಟ್ ಪೂರ್ತಿ ಒಬ್ಬನಿಗೆ, ಒಲೆ, ಪಾತ್ರೆ, ಆಹಾರ ಇನ್ನೊಬ್ಬನಿಗೆ ಅಂತ ಮಾಡಿದ್ದಾರೆ. ಟೆಂಟ್ ಇಲ್ಲದವನ ಹತ್ತಿರ ಒಂದು ತೆಳು ತಾಡಪಾಲು. ಇಬ್ಬರದು ಅಂತ ತೂಕವನ್ನು ಎರಡರಿಂದ ಭಾಗಿಸಿ ಖುಷಿಪಡುವುದು ಕಾಗದದ ಮೇಲೆ ಮಾತ್ರ.

ಮಧ್ಯಾಹ್ನ ಕಣಕ್ಕೆ ಬಂದು ಪಿರಮಿಡ್ ಹಾಕಿದೆವು. ನಾಲ್ಕು ಮೂಲೆಗೆ ಗೂಟ, ನಡುವೆ ಕಂಬ ಎತ್ತಿದರೆ ಆಯಿತು, ಒಳಗೆ ಒಂದು ಹನಿಯೂ ಬೀಳಲಿಲ್ಲ. ಬೂಟು ಬಿಚ್ಚದೆ, ರೇನ್‌ಕೋಟ್ ಬಿಚ್ಚದೆ ನೇರ ಒಳಗೆ ಬಂದು ನಿಂತೆವು. ನೆಲವಿಲ್ಲವಲ್ಲ, ಒದ್ದೆಯಾಗಲು ಏನೂ ಇಲ್ಲ. ಕಂಬದ ಸುತ್ತ ಹಗ್ಗ ಕಟ್ಟಿ ಬಟ್ಟೆ ತೂಗುಹಾಕಿದೆವು. ನಾಲ್ಕು ಜನರ ಅಳತೆಯ ಜಾಗದಲ್ಲಿ ಇಬ್ಬರು, ಕೈಕಾಲು ಚಾಚಿ ಕೂತೆವು. ಒಂದು ಮೂಲೆಯಲ್ಲಿ ಒಲೆಯ ಕೊಳವೆ ಹೊರಹೋಗಲು ಶಾಖ ತಡೆಯುವ ಬಟ್ಟೆಯ ಕಿಂಡಿ. ಭಾವನ ಟೈಟಾನಿಯಂ ಒಲೆ ಮಡಿಸಿದರೆ ಫೈಲಿನಷ್ಟು ತೆಳುವಾಗುತ್ತದೆ, ತೂಕ ಒಂದು ಕಿಲೋ ಆಸುಪಾಸು. ಸಣ್ಣ ಕಟ್ಟಿಗೆ ಬೇಗ ಉರಿದುಹೋಗುತ್ತದೆ, ರಾತ್ರಿಯಿಡೀ ಬಿಸಿ ಇರುವುದಿಲ್ಲ. ಆದರೆ ಮಲಗುವ ಮೊದಲು ಸಾಕ್ಸ್, ಕೈಗವಸು ಒಣಗುತ್ತವೆ. ಗಾಳಿಕಿಂಡಿ ಮುಚ್ಚಬಾರದು, ಹೊಗೆಯ ವಿಷಗಾಳಿ ಮೂಗಿಗೆ ಗೊತ್ತಾಗುವುದಿಲ್ಲ.

ಗೂಟದ ಕಥೆ ಬೇರೆ. ಇಲ್ಲಿನ ಮಣ್ಣು ನಾಲ್ಕು ಬೆರಳು ಆಳ, ಅದರ ಕೆಳಗೆ ಕರಿಬಂಡೆ. ಹೊಡೆದರೆ ಟಣ್ ಅನ್ನುತ್ತದೆ, ಗೂಟ ಬಾಗುತ್ತದೆ. ಎರಡು ಪದರದ ಟೆಂಟ್ ತನ್ನ ಕೋಲುಗಳ ಮೇಲೇ ನಿಲ್ಲುತ್ತದೆ, ಗೂಟ ಸಡಿಲವಾದರೂ ಆಕಾರ ಬಿಡುವುದಿಲ್ಲ. ಪಿರಮಿಡ್ ನಿಲ್ಲುವುದೇ ಗೂಟದ ಮೇಲೆ. ಅದಕ್ಕೊಂದು ಉಪಾಯ ಇದೆ: ಹಗ್ಗದ ಕುಣಿಕೆಯನ್ನು ಪುಟ್ಟ ಕಲ್ಲಿಗೆ ಹಾಕಿ, ಅದರ ಮುಂದೆ ಹಗ್ಗದ ಮೇಲೆ ದೊಡ್ಡ ಕಲ್ಲು ಹೇರುವುದು. ಹಗ್ಗ ಎಳೆದಷ್ಟೂ ಪುಟ್ಟ ಕಲ್ಲು ದೊಡ್ಡದಕ್ಕೆ ಒತ್ತಿಕೊಳ್ಳುತ್ತದೆ. ನಾವು ಕಲ್ಲು ಹುಡುಕುತ್ತಿದ್ದುದನ್ನು ನೋಡಿ ಕಾಕಾ ಬಂದು, ಗದ್ದೆ ಬದುವಿನ ಒಳ್ಳೆಯ ಕಲ್ಲು ಮುಟ್ಟಬಾರದು ಅಂತ ಹೇಳಿ, ಹಿತ್ತಲಿನ ರಾಶಿ ತೋರಿಸಿ ಹೋದರು.

ಸಂಜೆಗೆ ಬಿಗಿಯಾಗಿ ನಿಂತ ಬಟ್ಟೆ ಎಂಟು ಗಂಟೆಗೆ ಜೋತುಬಿದ್ದಿತ್ತು. ಸಿಲಿಕೋನ್ ಲೇಪಿಸಿದ ನೈಲಾನ್ ನೀರು ಕುಡಿದು ಹಿಗ್ಗುತ್ತದೆ. ಪಾಲಿಯೆಸ್ಟರ್ ಇಷ್ಟು ಹಿಗ್ಗುವುದಿಲ್ಲ. ಡೈನೀಮಾ ಬಟ್ಟೆ ನೀರನ್ನೇ ಕುಡಿಯುವುದಿಲ್ಲ, ಅರ್ಧದಷ್ಟು ಹಗುರ, ಆದರೆ ಬೆಲೆ ಕೇಳಿದರೆ ನಾವೇ ಜೋತುಬೀಳುತ್ತೇವೆ. ಹಾಗಾಗಿ ಮಲಗುವ ಮೊದಲು ಒಂದು ಸುತ್ತು ಹೊರಗೆ ಹೋಗಿ ಎಲ್ಲ ಹಗ್ಗ ಎಳೆದು ಬಿಗಿ ಮಾಡಿದೆವು. ಬ್ಯಾಟರಿ ಹಿಡಿದು, ಇಬ್ಬರೂ.

ನಡುರಾತ್ರಿ ಕೊಂಕಣದ ಗಾಳಿ ಬಂತು. ಬಟ್ಟೆ ಉಬ್ಬಿ ಕುಗ್ಗಿ ಪಟಪಟ ಹೊಡೆಯತೊಡಗಿತು. ಒಂದು ಮೂಲೆಯ ಕಲ್ಲು ಉರುಳಿ ಹಗ್ಗ ಬಿಚ್ಚಿತು. ಆ ಕಡೆಯ ಗೋಡೆ ಬಂದು ಭಾವನ ಮುಖಕ್ಕೆ ಒದ್ದೆ ಮುತ್ತು ಕೊಟ್ಟಿತು. ಒಂದೇ ಪದರ ಅಲ್ವಾ, ಒಳಮೈಯಲ್ಲಿ ಕೂಡಿದ್ದ ಉಸಿರಿನ ನೀರೆಲ್ಲ ಉದುರಿ ಮಳೆಯಾಯಿತು. ನಾನು ಕಂಬ ಹಿಡಿದು ಕೂತೆ, ಭಾವ ಬಾಗಿಲಿನಿಂದಲೇ ಕೈಚಾಚಿ ಕಲ್ಲು ಎಳೆದು ಕಟ್ಟಿದರು. ಮತ್ತೆ ಮಲಗಿ ಸ್ವಲ್ಪ ಹೊತ್ತಾಗಿರಬೇಕು, ಭಾವ ಎದ್ದು ಕೂತು, "ಏನೋ ಹರಿದಾಡ್ತಿದೆ ಮಾರಾಯ" ಅಂದರು. ತಲೆಬ್ಯಾಟರಿ ಹಾಕಿದರೆ ಮ್ಯಾಟಿನ ಅಂಚಿನಲ್ಲಿ ಒಂದು ಏಡಿ, ಎರಡೂ ಕೊಂಡಿ ಎತ್ತಿ ಬೆಳಕಿಗೆ ಎದುರು ನಿಂತಿದೆ. ಕೊಲೊರಾಡೊದಲ್ಲಿ ಕರಡಿ ಬರುತ್ತದೆ ಅಂತ ಆಹಾರವನ್ನು ಮರಕ್ಕೆ ತೂಗುಹಾಕುವ ಮನುಷ್ಯ, ಗದ್ದೆ ಏಡಿಗೆ ಹೆದರಿ ಕಂಬದ ಹಿಂದೆ ಹೋದರು. ತಟ್ಟೆಯಲ್ಲಿ ಎತ್ತಿ ಹೊರಗೆ ಬಿಟ್ಟೆ. ಬೆಳಗ್ಗೆ ಕೇಳಿ ಮಾವಶಿಗೆ ಬೇಸರವಾಯಿತು. ಸಾರು ಮಾಡಬಹುದಿತ್ತಂತೆ.

ಮೂರನೇ ದಿನ: ವಾಪಸ್

ಮಳೆಯಲ್ಲೇ ಬಿಚ್ಚಿ, ಮಳೆಯಲ್ಲೇ ತುಂಬಿಕೊಂಡೆವು. ನಾರಾಯಣಗಾಂವ್‌ನಲ್ಲಿ ಅದೇ ಅಂಗಡಿ, ಅದೇ ಕಾಟಾ. ಎಷ್ಟು ಕೊಡವಿದರೂ ಎರಡು ಪದರದ್ದು 2 ಕಿಲೋ 250, ಪಿರಮಿಡ್ 2 ಕಿಲೋ 400. ಒಣಗಿದ್ದಾಗ ಇದ್ದ 340 ಗ್ರಾಂ ಅಂತರ ನೆನೆದ ಮೇಲೆ 150ಕ್ಕೆ ಇಳಿದಿತ್ತು. ಎರಡು ಪದರ ಅಂದರೆ ನೀರು ಹಿಡಿಯಲು ಬಟ್ಟೆಯೂ ಜಾಸ್ತಿ. ಅಂಗಡಿಯವನು ಈ ಸಲ ಬೆಲೆ ಕೇಳಲಿಲ್ಲ, "ನೀರಿಗೂ ದುಡ್ಡು ಹಾಕ್ತೀರಾ?" ಅಂದ.

ಅಲ್ಲಿಂದ ಖೋಡದ್ ಕಡೆಗೆ ಒಂದು ಸುತ್ತು ಹೋದೆವು. ಜಿ.ಎಂ.ಆರ್.ಟಿ. ರೇಡಿಯೋ ದೂರದರ್ಶಕದ ಆಂಟೆನಾಗಳನ್ನು ರಸ್ತೆಯಿಂದಲೇ ನೋಡಬಹುದು. ಒಟ್ಟು 30, ಒಂದೊಂದೂ 45 ಮೀಟರ್ ಅಗಲ. ಅಷ್ಟು ದೊಡ್ಡ ಬಟ್ಟಲಿನ ಆಚೆಗಿನ ಮೋಡ ಕಾಣುತ್ತದೆ, ಯಾಕೆಂದರೆ ಅದು ತಗಡಲ್ಲ, ತೆಳು ತಂತಿಯ ಬಲೆ. ಗೋವಿಂದ ಸ್ವರೂಪ್ ಅವರ ಯೋಜನೆ ಅದು: ಬಿಗಿದ ತಂತಿಹಗ್ಗಗಳ ಮೇಲೆ ಬಲೆ ಎಳೆದು ಕಟ್ಟಿದರೆ ಗಾಳಿ ತೂರಿಹೋಗುತ್ತದೆ, ಭಾರವೂ ಇಳಿಯುತ್ತದೆ, ಖರ್ಚೂ ಇಳಿಯುತ್ತದೆ. ಭಾವ ಕಾರಿಳಿದು ಬಹಳ ಹೊತ್ತು ತಂತಿಗಳನ್ನೇ ನೋಡಿದರು. ಟೆಂಟಿನಲ್ಲಿ ಮಾತ್ರ ಗಾಳಿಯನ್ನು ತೂರಲು ಬಿಟ್ಟರೆ ಮಳೆಯೂ ಬರುತ್ತದೆ, ಅದೇ ತೊಂದರೆ.

ಪುಣೆಯ ಕೋಥ್ರೂಡಿನ ಮನೆಯ ಬಾಲ್ಕನಿಯಲ್ಲಿ ಟೆಂಟ್‌ಗಳನ್ನು ಹರಡಿದೆವು. ನಮ್ಮೂರಿನ ಈ ತೇವದಲ್ಲಿ ಒದ್ದೆ ಟೆಂಟನ್ನು ಚೀಲದಲ್ಲೇ ಬಿಟ್ಟರೆ ಪಾಲಿಯುರೆಥೇನ್ ಲೇಪ ಅಂಟಂಟಾಗಿ, ಹಳೇ ಗೋಣಿಯ ವಾಸನೆ ಹೊಡೆದು, ಪದರವಾಗಿ ಏಳುತ್ತದೆ. ಅಕ್ಕನ ಸೀರೆಗಳಿಗೆ ಹಗ್ಗ ಉಳಿಯಲಿಲ್ಲ. ಅದರ ಬಗ್ಗೆ ನಡೆದ ಮಾತು ಇಲ್ಲಿ ಬೇಡ.

ಊಟದ ಹೊತ್ತಿಗೆ ಭಾವ ಪಿರಮಿಡ್ ಅಂದರು. ಅಕ್ಟೋಬರಿನ ಹಿಮದಲ್ಲಿ ಬೂಟು ಹಾಕಿಕೊಂಡೇ ಒಳಗೆ ಬರಬಹುದು, ಒಲೆ ಹಚ್ಚಬಹುದು, ಆರಡಿ ಮೂರಂಗುಲದವನು ಕಾಲು ಚಾಚಬಹುದು. ಅಲ್ಲಿ ಗೂಟ ಇಳಿಯುವ ಮಣ್ಣಿದೆ. ಮಲಗುವ ಜಾಗಕ್ಕೆ ಒಂದು ತೆಳು ಹಾಳೆ ಸಾಕು. ಒಲೆ ಸೇರಿ ತೂಕ ಮೂರು ಕಿಲೋ ಹತ್ತಿರ ಬಂದರೂ ಒಣಗಿದ ಸಾಕ್ಸಿಗೆ ಅಷ್ಟು ಕೊಡಬಹುದು ಅನ್ನುವುದು ಅವರ ಲೆಕ್ಕ. ಸೆಪ್ಟೆಂಬರಿನ ಬಿಲ್ಲುಬೇಟೆ ಸೀಸನ್ ಆಗಿದ್ದರೆ ಒಲೆಯೂ ಬೇಡ, ಎರಡು ಪದರದ್ದೇ ಸಾಕಿತ್ತು ಅಂತಲೂ ಒಪ್ಪಿದರು. ನನ್ನ ಮತ ಬೇರೆ. ಬಂಡೆ ಇರುವ, ಚೇಳು, ಹಾವು, ಏಡಿ ಇರುವ ಸಹ್ಯಾದ್ರಿಗೆ ನೆಲ ಬೇಕು, ತಾನೇ ನಿಲ್ಲುವ ಕೋಲು ಬೇಕು, ಹೊರಪದರ ಮೊದಲು ನಿಲ್ಲಬೇಕು. ಈ ಮೂರೂ ಇರುವುದನ್ನು ಹುಡುಕುತ್ತಿದ್ದೇನೆ.

ಹೊರಡುವ ದಿನ ಸೂಟ್‌ಕೇಸಿನ ಮಿತಿ 23 ಕಿಲೋ. ಅಪ್ಪೆಮಿಡಿ ಉಪ್ಪಿನಕಾಯಿ, ಚಕ್ಲಿ, ಸಾರಿನಪುಡಿ ಎಲ್ಲ ಅಕ್ಕ ಮೊದಲೇ ತುಂಬಿದ್ದಳು. ಒಂದೂವರೆ ಕಿಲೋ ಹೆಚ್ಚಾಯಿತು. ಭಾವ ಉಪ್ಪಿನಕಾಯಿ ಡಬ್ಬ ಕೈಗೆತ್ತಿಕೊಂಡು ಅಕ್ಕನ ಮುಖ ನೋಡಿದರು. ಡಬ್ಬ ಅಲ್ಲೇ ವಾಪಸ್ ಇಟ್ಟು, ಎರಡು ಪದರದ ಟೆಂಟನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಇಟ್ಕೋ, ಮುಂದಿನ ಸಲಕ್ಕೆ ಬೇಕಾಗುತ್ತೆ" ಅಂದರು.